ಉಪ್ಪು ಇಳಿಯುವ ದಾರಿ

ಕನ್ನಡದಲ್ಲಿ 'ನೆನೆ' ಎಂಬ ಒಂದೇ ಮಾತು ಎರಡು ಕೆಲಸ ಮಾಡುತ್ತದೆ. ಕಡಲೆ ನೀರಿನಲ್ಲಿ ನೆನೆಯುತ್ತದೆ. ಮದುವೆಯಾಗಿ ಹೋದ ಮಗಳು ತವರನ್ನು ನೆನೆಯುತ್ತಾಳೆ. ಇವೆರಡೂ ಮೂಲದಲ್ಲಿ ಬೇರೆ ಬೇರೆ ಧಾತುಗಳೆಂದು ಭಾಷಾಶಾಸ್ತ್ರ ಬಲ್ಲವರು ಹೇಳುತ್ತಾರೆ. ತಮಿಳಿನಲ್ಲಿ ಒದ್ದೆಯಾಗುವುದಕ್ಕೆ 'ನನೈ', ಮನಸ್ಸಿಗೆ ತಂದುಕೊಳ್ಳುವುದಕ್ಕೆ 'ನಿನೈ' ಎಂದು ಇಂದಿಗೂ ಎರಡು ರೂಪಗಳು ನಿಂತಿವೆ. ಕನ್ನಡದ ಬಾಯಲ್ಲಿ ಅವು ಸವೆದು ಒಂದಾದವು. ಶಾಸ್ತ್ರದ ದೃಷ್ಟಿಗೆ ಇದು ಬರಿಯ ಆಕಸ್ಮಿಕ. ಆದರೆ ಕೆಲವು ಆಕಸ್ಮಿಕಗಳು ಯೋಚನೆಗೆ ಒಳ್ಳೆಯ ಇಂಬು ಕೊಡುತ್ತವೆ. ನೀರು ಕಾಳಿನೊಳಕ್ಕೆ ಇಳಿಯುವುದೂ, ಕಂಡದ್ದು ಕೇಳಿದ್ದು ಮನಸ್ಸಿನೊಳಕ್ಕೆ ಇಳಿಯುವುದೂ ಒಂದೇ ಬಗೆಯ ವ್ಯಾಪಾರವೇ? ಹೊರಗಿನದು ಒಳಗಿನದಾಗುವುದು ಹೇಗೆ?

ಪಾಠ ಹೇಳಿ ಹೊಟ್ಟೆ ಹೊರೆಯುವ ನನ್ನಂಥವನಿಗೆ ಈ ಪ್ರಶ್ನೆ ಸುಮ್ಮನೆ ಹೊತ್ತು ಕಳೆಯುವ ಪ್ರಶ್ನೆಯಲ್ಲ. ಮಕ್ಕಳಿರುವ ಎಲ್ಲ ತಂದೆತಾಯಿಗಳಿಗೂ ಅದು ಹಾಗೆಯೇ. ಹುಡುಗನೊಬ್ಬ ಹಿರಿಯರ ಮುಂದೆ ಕಾಲು ಚಾಚಿ ಕುಳಿತರೆ 'ಸಂಸ್ಕಾರವಿಲ್ಲದವನು' ಎನ್ನುತ್ತೇವೆ; ಬಾಗಿ ನಮಸ್ಕರಿಸಿದರೆ 'ಒಳ್ಳೆಯ ಸಂಸ್ಕಾರ' ಎಂದು ಅವನ ಮನೆತನವನ್ನು ಹೊಗಳುತ್ತೇವೆ. ಸಂಸ್ಕಾರವೆಂಬುದನ್ನು ಯಾರೋ ಹೊರಗಿನಿಂದ ಅವನಿಗೆ ಕೊಟ್ಟರು, ಅದು ಅವನಲ್ಲಿ ನೆಲೆಸಿತು ಎಂಬುದು ನಮ್ಮ ನಂಬಿಕೆ. ಕೊಡುವುದು ಸರಿ, ನೆಲೆಸುವುದು ಹೇಗೆ ಎಂದು ಕೇಳಿದರೆ ಮಾತ್ರ ನಮ್ಮಲ್ಲಿ ಸ್ಪಷ್ಟವಾದ ಉತ್ತರವಿಲ್ಲ. ಆ ಉತ್ತರದ ಒಂದು ತುಣುಕು ಅಡುಗೆಮನೆಯಲ್ಲಿ ಸಿಕ್ಕಬಹುದೆಂದು ನನ್ನ ಭಾವನೆ.

ಹಾಗೆ ಅಡುಗೆಮನೆಗೆ ಹೋಗುವುದು ಅನುಚಿತವೇನೂ ಅಲ್ಲ. ಈ ಮಾತುಗಳೆಲ್ಲ ಅಲ್ಲಿಯೂ ಇದ್ದವೇ. ಚರಕಸಂಹಿತೆಯ ವಿಮಾನಸ್ಥಾನದ ಮೊದಲ ಅಧ್ಯಾಯದಲ್ಲಿ ಆಹಾರವನ್ನು ಕುರಿತ ವಿಚಾರ ಬರುತ್ತದೆ. ಸ್ವಭಾವದಿಂದ ಇರುವ ಪದಾರ್ಥದಲ್ಲಿ ಬೇರೊಂದು ಗುಣವನ್ನು ತಂದಿಡುವುದಕ್ಕೆ ಅಲ್ಲಿ ಕೊಟ್ಟಿರುವ ಹೆಸರು ಸಂಸ್ಕಾರ. ಆ ಗುಣ ಬರುವ ದಾರಿಗಳನ್ನೂ ಗ್ರಂಥ ಎಣಿಸುತ್ತದೆ: ನೀರು, ಬೆಂಕಿ, ತೊಳೆಯುವುದು, ಕಡೆಯುವುದು, ದೇಶ, ಕಾಲ, ವಾಸನೆ, ಭಾವನೆ, ಕೊನೆಗೆ ಇಡುವ ಪಾತ್ರೆ ಕೂಡ. ವಾಸನೆ ಎಂದರೆ ಇಲ್ಲಿ ಪರಿಮಳ ಹಿಡಿಸುವುದು. ಭಾವನೆ ಎಂದರೆ ಪುಡಿಯನ್ನು ರಸದಲ್ಲಿ ನೆನೆಸಿ, ಒಣಗಿಸಿ, ಮತ್ತೆ ನೆನೆಸುವುದು. ಇವೇ ಎರಡು ಮಾತುಗಳು ವೇದಾಂತಿಗಳ ಬಾಯಲ್ಲಿ ಮನಸ್ಸಿನ ಮಾತುಗಳಾದವು. ಹಿಂದಿನ ಕರ್ಮಗಳು ಉಳಿಸಿಹೋದ ಗುರುತಿಗೆ ವಾಸನೆ ಎಂದರು. ಒಂದೇ ವಿಚಾರವನ್ನು ಮತ್ತೆ ಮತ್ತೆ ಮನಸ್ಸಿಗೆ ತಂದುಕೊಳ್ಳುವುದಕ್ಕೆ ಭಾವನೆ ಎಂದರು. ವೈದ್ಯನ ಕಲ್ಬತ್ತಿಗೂ ತತ್ತ್ವಜ್ಞಾನಿಯ ಆಸನಕ್ಕೂ ನಡುವೆ ಹೆಚ್ಚು ದೂರವಿರಲಿಲ್ಲ.

ಈಗ ನಮ್ಮ ಮನೆಗಳ ಕಡೆ ನೋಡೋಣ. ಒಲೆಯ ಮೇಲೆ ಏರುವ ಮೊದಲೇ ಪದಾರ್ಥವನ್ನು ಹುಳಿಯಲ್ಲೋ ಉಪ್ಪಿನಲ್ಲೋ ಮಸಾಲೆಯಲ್ಲೋ ನೆನೆಯಲು ಬಿಡುವುದು ಎಲ್ಲ ಕಡೆಯೂ ಉಂಟು. ಕರಾವಳಿಯಲ್ಲಿ ಬಂಗುಡೆಯ ಮೈಮೇಲೆ ಗೀರು ಎಳೆದು, ಉಪ್ಪು, ಮೆಣಸಿನಪುಡಿ, ಅರಿಸಿನ, ಹುಣಸೆಯ ರಸ ಸವರಿ ಸ್ವಲ್ಪ ಹೊತ್ತು ಇಟ್ಟು ಆಮೇಲೆ ಕಾವಲಿಗೆ ಹಾಕುತ್ತಾರೆ. ಕೋಳಿಯ ಮಾಂಸವನ್ನು ಮೊಸರಿನಲ್ಲಿ ಕಲಸಿಡುವವರುಂಟು. ಸಸ್ಯಾಹಾರಿಗಳಾದ ಓದುಗರು ಇಲ್ಲಿಗೆ ಪುಟ ಮಗುಚಬೇಕಾಗಿಲ್ಲ. ಅವರ ಮನೆಯಲ್ಲಿಯೂ ಇದೇ ಕೆಲಸ ನಡೆಯುತ್ತದೆ. ಹೆಚ್ಚಿದ ಹಾಗಲಕಾಯಿಗೆ ಉಪ್ಪು ತಿಕ್ಕಿಟ್ಟು ಕಹಿನೀರು ಹಿಂಡುವುದು ಯಾರಿಗೆ ತಿಳಿಯದು? ಬಾಳಕದ ಮೆಣಸಿನಕಾಯಿಯನ್ನಂತೂ ಸೀಳಿ, ಉಪ್ಪು ಬೆರೆಸಿದ ಹುಳಿಮಜ್ಜಿಗೆಯಲ್ಲಿ ರಾತ್ರಿ ನೆನೆಸಿ, ಹಗಲು ಬಿಸಿಲಿಗೆ ಹರವಿ, ಸಂಜೆ ಅದೇ ಮಜ್ಜಿಗೆಗೆ ಮತ್ತೆ ಹಾಕಿ, ಮಜ್ಜಿಗೆಯೆಲ್ಲ ಹೀರಿಹೋಗುವವರೆಗೆ ಹೀಗೆಯೇ ಮಾಡುತ್ತಾರೆ. ಚರಕನು ಹೇಳಿದ ಭಾವನೆ ಇದೇ. ಅದನ್ನು ಮಾಡುವ ನಮ್ಮ ಅಜ್ಜಿಯರಿಗೆ ಚರಕನ ಹೆಸರು ಬೇಕಾಗಿರಲಿಲ್ಲ ಎಂಬುದಷ್ಟೇ ವ್ಯತ್ಯಾಸ.

ಇಂಗ್ಲಿಷ್ ಬಲ್ಲವರು ಇದನ್ನು 'ಮ್ಯಾರಿನೇಟ್' ಮಾಡುವುದೆನ್ನುತ್ತಾರೆ. ಆ ಮಾತಿನ ಹೊಟ್ಟೆಯಲ್ಲಿ ಸಮುದ್ರವಿದೆ. ಕಡಲಿನ ಉಪ್ಪುನೀರಿನಂಥ ನೀರಿನಲ್ಲಿ ಮುಳುಗಿಸಿಡುವುದೇ ಅದರ ಮೂಲಾರ್ಥ. ರುಚಿಗಿಂತ ಮೊದಲು ಕೆಡದಂತೆ ಉಳಿಸುವುದೇ ಅಲ್ಲಿ ಮುಖ್ಯವಾಗಿತ್ತು. ಪೋರ್ಚುಗೀಸರು ಮಾಂಸವನ್ನು ದ್ರಾಕ್ಷಾಮದ್ಯ ಮತ್ತು ಬೆಳ್ಳುಳ್ಳಿಯಲ್ಲಿ ಊರಿಸಿಡುತ್ತಿದ್ದರು. ಅವರು ೧೫೧೦ರಲ್ಲಿ ಗೋವೆಯನ್ನು ಹಿಡಿದರು. ಮುಂದೆ ಆ ಅಡುಗೆ ಅಲ್ಲಿ ತೆಂಗಿನ ಕಳ್ಳಿನಿಂದಾದ ವಿನಿಗರನ್ನೂ, ಅಮೆರಿಕಾ ಖಂಡದಿಂದ ಬಂದ ಮೆಣಸಿನಕಾಯಿಯನ್ನೂ ಕೂಡಿಸಿಕೊಂಡು ವಿಂದಾಲು ಆಯಿತು. ಮದ್ಯ ಎಂಬರ್ಥದ 'ವಿಞ' ಮತ್ತು ಬೆಳ್ಳುಳ್ಳಿ ಎಂಬರ್ಥದ 'ಆಲ್ಯು' ಎಂಬೆರಡು ಮಾತುಗಳು ಆ ಹೆಸರಿನಲ್ಲಿ ಇಂದಿಗೂ ಅಡಗಿ ಕುಳಿತಿವೆ. ಬೇರೆ ನೆಲದ ಅಡುಗೆಯೊಂದು ಹೊಸ ನೆಲದಲ್ಲಿ ನೆಲೆಸಬೇಕಾದರೆ ಆ ನೆಲದ ಕಳ್ಳಿನಲ್ಲಿಯೇ ಹುಳಿಯಾಗಬೇಕಾಯಿತು. ಈ ಸಂಗತಿಯನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಲಿ. ಮುಂದೆ ಕೆಲಸಕ್ಕೆ ಬರುತ್ತದೆ.

ನೆನೆಯುವ ಹೊತ್ತಿನಲ್ಲಿ ನಿಜವಾಗಿ ನಡೆಯುವುದೇನು? ಮಸಾಲೆಯೆಲ್ಲ ಇಂಗಿ ಮಾಂಸದ ನಡುವಿನವರೆಗೆ ಹೋಗುತ್ತದೆಂದೇ ನಾವು ತಿಳಿದಿರುತ್ತೇವೆ. ಎಷ್ಟು ಹೆಚ್ಚು ಹೊತ್ತು ಇಟ್ಟರೆ ಅಷ್ಟು ಆಳ, ಎಷ್ಟು ಹೆಚ್ಚು ಸಾಮಾನು ಹಾಕಿದರೆ ಅಷ್ಟು ರುಚಿ ಎಂಬುದು ಲೆಕ್ಕ. ಆಹಾರವಿಜ್ಞಾನಿಗಳು ಈ ಲೆಕ್ಕವನ್ನು ಒಪ್ಪುವುದಿಲ್ಲ. ದಪ್ಪ ತುಂಡಿನಲ್ಲಿ ಮಸಾಲೆಯ ಬಹುಭಾಗ ಮೇಲಿನ ಕೆಲವೇ ಮಿಲಿಮೀಟರುಗಳಲ್ಲಿ ನಿಂತುಬಿಡುತ್ತದೆ. ಕಾರಣ ಸರಳ. ಕೊಬ್ಬಿಲ್ಲದ ಹಸಿಮಾಂಸದಲ್ಲಿ ನೂರಕ್ಕೆ ಸುಮಾರು ೭೫ ಪಾಲು ನೀರು. ಮೆಣಸಿನಕಾಯಿಯ ಖಾರ, ಅರಿಸಿನದ ಬಣ್ಣ ಇವೆಲ್ಲ ಎಣ್ಣೆಯಲ್ಲಿ ಕರಗುವಂಥವು. ನೀರಿನಲ್ಲಿ ಕರಗುವುದು ಬಲು ಕಡಿಮೆ. ನೀರು ತುಂಬಿದ ಮನೆಯೊಳಗೆ ಅವಕ್ಕೆ ದಾರಿಯಿಲ್ಲ. ಹುಳಿಯೂ ಬೇಗ ಬಹಳ ಒಳಕ್ಕೆ ಹೋಗುವುದಿಲ್ಲ. ಮೇಲ್ಪದರದ ಮಾಂಸಸತ್ವವನ್ನು ಬದಲಾಯಿಸುತ್ತ ಅಲ್ಲಿಯೇ ಉಳಿಯುತ್ತದೆ. ಇವೆಲ್ಲವನ್ನೂ ಹಿಂದೆ ಬಿಟ್ಟು ಹೊತ್ತು ಕಳೆದಂತೆ ಒಳಗೊಳಗೆ ಸಾಗುವುದು ಒಂದೇ. ಅದು ಉಪ್ಪು. ಎಲ್ಲಕ್ಕಿಂತ ಅಗ್ಗದ್ದು, ಎಲ್ಲಕ್ಕಿಂತ ಸಾಮಾನ್ಯವಾದದ್ದು.

ಉಪ್ಪು ಹೋಗುವ ರೀತಿಯೂ ನೋಡತಕ್ಕದ್ದು. ಒಣ ಉಪ್ಪನ್ನು ಮಾಂಸಕ್ಕೆ ಸವರಿದರೆ ಅದು ಕೂಡಲೇ ಒಳಗೆ ನುಗ್ಗುವುದಿಲ್ಲ. ಮೊದಲು ಒಳಗಿನ ನೀರನ್ನು ಹೊರಕ್ಕೆ ಕರೆಯುತ್ತದೆ. ಮೇಲೆ ಹನಿಗಟ್ಟಿದ ಆ ನೀರಿನಲ್ಲಿ ತಾನು ಕರಗುತ್ತದೆ. ಆಮೇಲೆ ನಿಧಾನವಾಗಿ ಅದೇ ನೀರಿನೊಡನೆ ಒಳಕ್ಕೆ ಹೋಗುತ್ತದೆ; ಒಳಗೆ ಹೋಗಿ ಮಾಂಸದ ಎಳೆಗಳು ನೀರನ್ನು ಹಿಡಿದಿಟ್ಟುಕೊಳ್ಳುವಂತೆ ಮಾಡುತ್ತದೆ. ಬೆಂಕಿಯ ಮೇಲೆ ಅದು ಒಣಗಿಹೋಗದಿರುವುದು ಇದರಿಂದಲೇ. ಮಲೆನಾಡಿನವರಿಗೆ ಇದರ ಮೊದಲರ್ಧ ಚೆನ್ನಾಗಿ ಗೊತ್ತು. ಅಪ್ಪೆಮಿಡಿಯನ್ನು ಹರಳುಪ್ಪಿನಲ್ಲಿ ಹಾಕುವಾಗ ಅವರು ನೀರು ಬೆರೆಸುವುದಿಲ್ಲ. ಮಿಡಿಯೇ ನೀರು ಬಿಡುತ್ತದೆ, ಆ ನೀರಿನಲ್ಲಿ ಉಪ್ಪು ಕರಗುತ್ತದೆ, ಕೆಲವು ದಿನಗಳಲ್ಲಿ ಮಿಡಿ ತನ್ನದೇ ರಸದಲ್ಲಿ ಮುಳುಗಿ, ಸುಕ್ಕುಗಟ್ಟಿ ಕುಳಿತಿರುತ್ತದೆ. ಸಾಸಿವೆ ಮೆಣಸಿನಕಾಯಿಗಳ ವೈಭವ ಬರುವುದು ಆಮೇಲೆ. ಚರಕದಲ್ಲಿಯೂ ನೆಲ್ಲಿಕಾಯಿಯ ಪುಡಿಗೆ ೨೧ ರಾತ್ರಿ ನೆಲ್ಲಿಕಾಯಿಯ ರಸವನ್ನೇ ಕುಡಿಸುವ ರಸಾಯನವೊಂದಿದೆ. ವಸ್ತುವಿಗೆ ಅದರ ರಸದಿಂದಲೇ ಸಂಸ್ಕಾರ!

ಅಡುಗೆಮನೆಯಿಂದ ನಾನು ಎತ್ತಿಕೊಂಡು ಬರಬೇಕೆಂದಿದ್ದುದು ಇಷ್ಟನ್ನೇ: ಆಳಕ್ಕೆ ಹೋಗುವುದು, ಆ ವಸ್ತುವಿನ ಸ್ವಂತ ನೀರಿನಲ್ಲಿ ಕರಗಬಲ್ಲದ್ದು. ಉಳಿದದ್ದು ಎಷ್ಟೇ ಸೊಗಸಾಗಿರಲಿ, ಮೇಲೆ ನಿಲ್ಲುತ್ತದೆ. ಗೋವೆಗೆ ಬಂದ ಅಡುಗೆಯೂ ಗೋವೆಯ ಕಳ್ಳಿನ ಮೂಲಕವೇ ಗೋವೆಯದಾಯಿತು.

ಮನುಷ್ಯರ ವಿಷಯದಲ್ಲಿ ಇದು ಸಲ್ಲುತ್ತದೆಯೇ? ನಾನು ಓದಿದ ಪ್ರೌಢಶಾಲೆಯಲ್ಲಿ ವಾರಕ್ಕೊಂದು ನೀತಿಪಾಠದ ತರಗತಿ ಇತ್ತು. ಸತ್ಯ, ಅಹಿಂಸೆ, ವಿನಯ, ಪರೋಪಕಾರ ಒಂದೊಂದಕ್ಕೂ ಕಥೆ, ಶ್ಲೋಕ, ದೃಷ್ಟಾಂತ ಎಲ್ಲ ಕೂಡಿಸಿ, ಹದವಾಗಿ ಅರೆದು ನಮಗೆ ಹಚ್ಚುತ್ತಿದ್ದರು. ಹೇಳುತ್ತಿದ್ದವರು ಒಳ್ಳೆಯ ಮಾತುಗಾರರು. ಆ ತರಗತಿಯಿಂದ ನನ್ನಲ್ಲಿ ಉಳಿದದ್ದೇನೆಂದು ಹುಡುಕಿದರೆ, ಕಿಟಕಿಯಾಚೆಯ ಹೊಂಗೆಮರವೊಂದು ಕಾಣುತ್ತದೆ. ಅದೇ ಶಾಲೆಯಲ್ಲಿ ಇನ್ನೊಬ್ಬ ಮೇಷ್ಟರಿದ್ದರು. ಹಳಗನ್ನಡ ಹೇಳುತ್ತಿದ್ದರು. ನೀತಿಯ ಮಾತನ್ನು ಅವರು ಎಂದೂ ಆಡಿದವರಲ್ಲ. ಹುಡುಗರು ಯಾವುದಾದರೂ ಪದದ ಅರ್ಥ ಕೇಳಿದಾಗ ಅವರಿಗೆ ತಿಳಿಯದಿದ್ದರೆ, "ಗೊತ್ತಿಲ್ಲಪ್ಪ, ನೋಡಿಕೊಂಡು ಬಂದು ನಾಳೆ ಹೇಳುತ್ತೇನೆ" ಎನ್ನುತ್ತಿದ್ದರು. ಮರುದಿನ ಬಂದು, ಹಾಜರಿ ತೆಗೆದುಕೊಳ್ಳುವ ಮೊದಲೇ ಅದನ್ನು ಹೇಳುತ್ತಿದ್ದರು. ವರ್ಷಕ್ಕೆ ನಾಲ್ಕೈದು ಸಲ ಹೀಗಾಗುತ್ತಿತ್ತು. ಅಷ್ಟೇ.

ಅದು ಏಕೆ ಇಳಿಯಿತು, ಇದು ಏಕೆ ಮೇಲೆ ನಿಂತಿತು ಎಂದು ಯೋಚಿಸಿದ್ದೇನೆ. ಮೇಷ್ಟರ ಶೀಲ ದೊಡ್ಡದು ಎಂದುಬಿಟ್ಟರೆ ಅರ್ಧ ಉತ್ತರವಾಯಿತು. ಉಳಿದರ್ಧ ನಮ್ಮಲ್ಲಿತ್ತು. ಆ ವಯಸ್ಸಿನ ಹುಡುಗರಾದ ನಮ್ಮೆಲ್ಲರ ಎದೆಯಲ್ಲಿ ಒಂದು ಭಯ ತುಂಬಿತ್ತು: ಎದ್ದು ನಿಲ್ಲಿಸಿ ಪ್ರಶ್ನೆ ಕೇಳಿದಾಗ ಉತ್ತರ ಬಾರದೆ ಹೋದರೆ ಏನು ಗತಿ ಎಂಬ ಭಯ. ದಿನದಿನವೂ ನಾವು ಅದರಲ್ಲಿ ತೊಯ್ಯುತ್ತಿದ್ದೆವು. ನಮ್ಮ ಸ್ವಂತ ನೀರು ಎಂದರೆ ಅದು. 'ಗೊತ್ತಿಲ್ಲ' ಎಂದು ದೊಡ್ಡವರೊಬ್ಬರು ತಲೆ ತಗ್ಗಿಸದೆ ಹೇಳಿದ ಮಾತು ಆ ನೀರನ್ನು ಹೊರಕ್ಕೆ ಕರೆಯಿತು, ಅದರಲ್ಲಿ ಕರಗಿತು, ಅದರೊಡನೆ ಒಳಕ್ಕೆ ಹೋಯಿತು. ಸತ್ಯವೇ ಪರಮಧರ್ಮವೆಂಬ ವ್ಯಾಖ್ಯಾನಕ್ಕೆ ಅಂಥ ನೀರು ನಮ್ಮಲ್ಲಿ ಇನ್ನೂ ಊರಿರಲಿಲ್ಲ. ವ್ಯಾಖ್ಯಾನ ಸುಳ್ಳಾಗಿರಲಿಲ್ಲ, ಎಣ್ಣೆಯಾಗಿತ್ತು.

ಹಾಗಾದರೆ ಉಪದೇಶವೆಲ್ಲ ವ್ಯರ್ಥವೇ, ಕಲಿಸುವವನು ಕೈಕಟ್ಟಿ ಕುಳಿತರೆ ಸಾಕೇ ಎಂದು ಯಾರಾದರೂ ಕೇಳಬಹುದು. ಹಾಗಲ್ಲ. ಉಪ್ಪು ಹಚ್ಚದಿದ್ದರೆ ನೀರು ತಾನಾಗಿ ಹೊರಗೆ ಬರುವುದಿಲ್ಲ. ಹಚ್ಚಿದ ಮೇಲೆ ಕಾಯುವುದೂ ಒಂದು ಕೆಲಸವೇ. ಉಪ್ಪು ಹಚ್ಚಿ ಸ್ವಲ್ಪ ಹೊತ್ತಾದಾಗ ನೋಡಿದರೆ ಪದಾರ್ಥ ಮೊದಲಿಗಿಂತ ಕೆಟ್ಟಂತೆಯೇ ಕಾಣುತ್ತದೆ. ಮೈಯೆಲ್ಲ ನೀರು ಬಿಟ್ಟಿರುತ್ತದೆ, ಒಳಗೆ ಏನೂ ಹೋಗಿರುವುದಿಲ್ಲ. ಆಗಲೇ ಬಾಣಲೆಗೆ ಹಾಕಿದರೆ ಹುರಿಯುವ ಬದಲು ಬೇಯುತ್ತದೆ. ಬೆಳೆಯುವ ಹುಡುಗ ಹುಡುಗಿಯರಿಗೂ ಇಂಥದೊಂದು ಹೊತ್ತುಂಟು. ಕಲಿಸಿದ್ದು ಕಾಣುವುದಿಲ್ಲ, ಇದ್ದ ಮುಗ್ಧತೆಯೂ ಹೋಗಿರುತ್ತದೆ, ಮಾತಿಗೆ ಮಾತು, ಕಣ್ಣೀರು, ಬಾಗಿಲು ಬಡಿಯುವುದು. 'ಎಷ್ಟು ಹೇಳಿದರೂ ಇಷ್ಟೇ' ಎಂದು ತಂದೆತಾಯಿಗಳು ನಿಟ್ಟುಸಿರಿಡುವುದು ಆಗಲೇ. ಆ ಹೊತ್ತಿನಲ್ಲಿ ಕೈಬಿಡದೆ ಇರುವುದು ಕಲಿಸುವುದರ ಕಠಿಣವಾದ ಭಾಗ. ಆಗ ಮತ್ತಷ್ಟು ಉಪ್ಪು ಸುರಿಯುವುದು ಸುಲಭ. ಪಾತ್ರೆ ಮುಚ್ಚಿಟ್ಟು ಹತ್ತಿರ ಇರುವುದು ಕಷ್ಟ.

ಇನ್ನು ಮೇಲ್ಮೈಯನ್ನು ಹೀಗಳೆಯುವುದೂ ತರವಲ್ಲ. ಮೀನಿನ ಮೇಲಿನ ಮಸಾಲೆ ಒಳಗೆ ಹೋಗದಿದ್ದರೇನಂತೆ? ಕಾವಲಿಯ ಬಿಸಿ ತಾಗುವುದು ಮೇಲ್ಮೈಗೆ. ಘಮ ಹುಟ್ಟುವುದು ಅಲ್ಲಿ. ನಾಲಗೆಗೆ ಮೊದಲು ಸಿಗುವುದೂ ಅದೇ. ಹಾಗೆಯೇ ನಯ ವಿನಯ, ಬಂದವರಿಗೆ 'ಬನ್ನಿ, ಕುಳಿತುಕೊಳ್ಳಿ' ಎನ್ನುವುದು, ಸರತಿಯ ಸಾಲಿನಲ್ಲಿ ನಿಲ್ಲುವುದು ಇವು ಮೇಲಿನವೇ ಇರಬಹುದು. ಆದರೆ ನಾವು ಒಬ್ಬರನ್ನೊಬ್ಬರು ತಾಗುವುದು ಬಹುಮಟ್ಟಿಗೆ ಮೇಲ್ಮೈಯಲ್ಲೇ ತಾನೆ? ಬಸ್ಸಿನಲ್ಲಿ ಪಕ್ಕ ಕುಳಿತವನ ಅಂತರಾತ್ಮ ನಮಗೆ ಬೇಕಾಗಿಲ್ಲ; ಅವನು ಕಾಲು ತುಳಿಯದಿದ್ದರೆ ಸಾಕು. ತಪ್ಪಾಗುವುದು ಮೇಲಿನದನ್ನು ಕಂಡು ಒಳಗನ್ನು ಅಳೆದಾಗ. ಬಾಗಿ ನಮಸ್ಕರಿಸಿದ ಹುಡುಗನಿಗೆ ಮಸಾಲೆ ಚೆನ್ನಾಗಿ ಹತ್ತಿದೆ ಎನ್ನಬಹುದು; ಉಪ್ಪು ಇಳಿದಿದೆಯೇ ಎಂಬುದು ಕಚ್ಚಿ ನೋಡಿದಾಗ, ಎಂದರೆ ಅವನಿಗೆ ನಷ್ಟವಾಗುವ ಸಂದರ್ಭ ಬಂದಾಗ ತಿಳಿಯತಕ್ಕದ್ದು.

ಬೇಗ ಒಳಗೆ ಹೋಗಲೆಂದು ಅಡುಗೆಯವರು ಒಂದು ಉಪಾಯ ಮಾಡುತ್ತಾರೆ. ಮೀನಿನ ಮೈ ಗೀರುತ್ತಾರೆ. ಗೀರಿದ ಕಡೆಯೆಲ್ಲ ಒಳಗೂ ಹೊರಗಾಗುತ್ತದೆ. ಮನುಷ್ಯರಲ್ಲಿಯೂ ಹೀಗುಂಟು. ದುಃಖ ಬಿದ್ದ ಮನೆಯಲ್ಲಿ ಮಾತು ಬೇಗ ಒಳಗಿಳಿಯುತ್ತದೆ. ಸಾವು, ಸೋಲು, ಅವಮಾನ ಇವು ಮನಸ್ಸನ್ನು ಸೀಳಿದಾಗ, ಹಿಂದೆ ನೂರು ಸಲ ಕೇಳಿ ಮರೆತ ಮಾತು ಅಂದು ಹೊಸದಾಗಿ ಅರ್ಥವಾಗುತ್ತದೆ. ಇದನ್ನು ಕಂಡ ಹಿಂದಿನವರು, ಹಾಗಾದರೆ ನಾವೇ ಗೀರಿದರಾಯಿತು ಎಂದುಕೊಂಡರು. ಛಡಿಯ ಏಟಿಗೂ ವಿದ್ಯೆಯ ಘಮಕ್ಕೂ ಪ್ರಾಸ ಕಟ್ಟಿದ್ದು ಹೀಗೆ. ಮಗುವನ್ನು ಶಾಲೆಯಲ್ಲಿ ಹೊಡೆಯುವುದನ್ನೂ, ಮಾನಸಿಕವಾಗಿ ಹಿಂಸಿಸುವುದನ್ನೂ ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆ ನಿಷೇಧಿಸಿದೆ. ಕಾಯಿದೆಯ ಮಾತು ಹಾಗಿರಲಿ. ಇಲ್ಲಿ ತರ್ಕವೇ ಸರಿಯಲ್ಲ. ಬದುಕು ತಾನಾಗಿ ಮಾಡಿದ ಗಾಯದಲ್ಲಿ ಔಷಧಿಯಂತೆ ಸೇರುವ ಮಾತು ಬೇರೆ. ಸೇರಲೆಂದು ಗಾಯ ಮಾಡುವವನ ಮಾತು ಬೇರೆ. ಏಟು ತಿಂದವನ ಒಳಗೆ ಹೋಗುವುದು ಪಾಠಕ್ಕಿಂತ ಮೊದಲು ಏಟೇ. ಅವನು ಮುಂದೆ ಅದನ್ನೇ ಮತ್ತೊಬ್ಬನಿಗೆ ಕಲಿಸುತ್ತಾನೆ.

ಮೃದುವಾಗುವುದರ ವಿಷಯವಾಗಿಯೂ ಒಂದು ಮಾತು ಹೇಳಬೇಕು. ಹುಳಿ ಹಿತಮಿತವಾಗಿದ್ದರೆ ಮೇಲ್ಪದರ ಸಡಿಲವಾಗುತ್ತದೆ. ಅತಿಯಾದರೆ ಮಾಂಸ ಬಿಗಿದುಕೊಂಡೋ ಪುಡಿಪುಡಿಯಾಗಿಯೋ ಕೆಡುತ್ತದೆ. ಪೆರು ದೇಶದವರ ಸೆವಿಚೆಯಲ್ಲಿ ಹಸಿಮೀನಿನ ತುಂಡುಗಳು ನಿಂಬೆರಸದಲ್ಲಿ ಬಿದ್ದ ಕೆಲವು ನಿಮಿಷಗಳಲ್ಲೇ ಬೇಯಿಸಿದಂತೆ ಬೆಳ್ಳಗಾಗುತ್ತವೆ. ಬೆಂಕಿಯಿಲ್ಲದೆ ಹುಳಿಯೇ ಆ ಕೆಲಸ ಮಾಡುತ್ತದೆ. ಹಸಿ ಪರಂಗಿಕಾಯಿಯದು ಇನ್ನೊಂದು ಬಗೆ. ಅದರ ಹಾಲಿನಲ್ಲಿರುವ ಪಪಾಯಿನ್ ಎಂಬ ಕಿಣ್ವ ಮಾಂಸದ ಎಳೆಗಳನ್ನೇ ಕಡಿದುಹಾಕುತ್ತದೆ. ಒಲೆಯ ಬಿಸಿ ಏರುವಾಗ ಅದರ ಕೆಲಸ ಇನ್ನೂ ಚುರುಕು. ಅಳತೆ ತಪ್ಪಿದರೆ ಉಳಿಯುವುದು ಮುದ್ದೆ. ಲಖನೌದ ಗಲೌಟಿ ಕಬಾಬಿಗೆ ಪರಂಗಿಕಾಯಿ ಅರೆದು ಬೆರೆಸುತ್ತಾರೆ. ಹಲ್ಲು ಬಿದ್ದ ನವಾಬನೊಬ್ಬನಿಗಾಗಿ ಆ ತಿಂಡಿ ಹುಟ್ಟಿತೆಂದು ಅಲ್ಲಿನವರು ಕಥೆ ಹೇಳುತ್ತಾರೆ.

ಕಥೆ ನಿಜವೋ ಸುಳ್ಳೋ, ಅದರಲ್ಲಿ ನಮ್ಮ ಪ್ರಶ್ನೆಯ ಗಂಟು ಇದೆ. ಮಾಂಸ ಮೃದುವಾಗಬೇಕಾದದ್ದು ಯಾರಿಗಾಗಿ? ತಿನ್ನುವವನಿಗಾಗಿ. ಗಟ್ಟಿಯಾಗಿರುವುದು ಮಾಂಸದ ದೋಷವಲ್ಲ. ಓಡಾಡಿದ, ಭಾರ ಹೊತ್ತ ಅಂಗವೇ ಗಟ್ಟಿಯಾಗಿರುವುದು. ದುಡಿಯದ ಅಂಗ ತಾನಾಗಿಯೇ ಮೆತ್ತಗಿರುತ್ತದೆ. ದುಡಿದ ಅಂಗದ ಗಟ್ಟಿತನ ತಿನ್ನುವವನ ಹಲ್ಲಿಗೆ ಮಾತ್ರ ದೋಷವಾಗಿ ಕಾಣುತ್ತದೆ. ಅಡುಗೆಯಲ್ಲಿ ಇದರಿಂದ ತೊಂದರೆಯೇನಿಲ್ಲ. ಇದೇ ನೋಟವನ್ನು ಮನುಷ್ಯರ ಮೇಲೆ ತಿರುಗಿಸಿದಾಗ ಮಾತ್ರ ಎಚ್ಚರವಾಗಿರಬೇಕು. ಮನೆಗೆ ಬಂದ ಸೊಸೆ 'ನಮ್ಮ ಮನೆಗೆ ಒಗ್ಗಬೇಕು' ಎನ್ನುತ್ತೇವೆ. ಕಚೇರಿಗೆ ಸೇರಿದ ಹೊಸ ಗುಮಾಸ್ತನನ್ನು 'ಇನ್ನೂ ಪಳಗಬೇಕು' ಎನ್ನುತ್ತೇವೆ. ಪ್ರಶ್ನೆ ಕೇಳುವ ಮಗನನ್ನು 'ಹದಕ್ಕೆ ತರಬೇಕು' ಎನ್ನುತ್ತೇವೆ. ಹದ ಎಂಬ ಮಾತು ಒಳ್ಳೆಯದೇ. ಆದರೆ ನೆಲದ ಹದ ಬಿತ್ತನೆಗೆ, ಚರ್ಮದ ಹದ ಚಪ್ಪಲಿಗೆ. ಬಿತ್ತನೆಯಿಂದ ನೆಲಕ್ಕೂ ಒಂದು ಬಾಳುಂಟು. ಚಪ್ಪಲಿಯಿಂದ ಚರ್ಮಕ್ಕೇನು ಬಂತು? ಸೊಸೆಯನ್ನು ಹದಗೊಳಿಸುವವರು ತಾವು ಮಾಡುತ್ತಿರುವುದು ಯಾವ ಹದವೆಂದು ಒಮ್ಮೆ ಕೇಳಿಕೊಳ್ಳಬೇಕು.

ಪ್ಲೇಟೋ ತನ್ನ 'ರಿಪಬ್ಲಿಕ್' ಗ್ರಂಥದ ನಾಲ್ಕನೆಯ ಭಾಗದಲ್ಲಿ ಬಣ್ಣಗಾರರ ಉಪಮೆಯೊಂದನ್ನು ಕೊಡುತ್ತಾನೆ. ಅವರು ಬಿಳಿಯ ಉಣ್ಣೆಯನ್ನೇ ಆರಿಸಿ, ಬಹಳ ಶ್ರಮದಿಂದ ಸಿದ್ಧಮಾಡಿ, ಆಮೇಲೆ ಬಣ್ಣದಲ್ಲಿ ಅದ್ದುತ್ತಾರೆ. ಹಾಗೆ ಅದ್ದಿದ ಬಣ್ಣ ಎಷ್ಟು ತೊಳೆದರೂ ಬಿಡುವುದಿಲ್ಲ. ನಗರದ ಕಾವಲುಗಾರರ ಶಿಕ್ಷಣವೂ ಹೀಗಿರಬೇಕು, ಸುಖದುಃಖಗಳ ಯಾವ ಸಾಬೂನೂ ಅವರ ನಂಬಿಕೆಯ ಬಣ್ಣವನ್ನು ತೆಗೆಯದಂತಿರಬೇಕು ಎನ್ನುವುದು ಅವನ ಆಶಯ. ಉಪಮೆ ಸೊಗಸಾದದ್ದು, ಮೊದಲು ಸಿದ್ಧತೆ, ಆಮೇಲೆ ಬಣ್ಣ ಎಂಬುದು ದಿಟವೂ ಹೌದು. ಆದರೆ ಉಣ್ಣೆಯನ್ನು ಯಾರೂ ಕೇಳಲಿಲ್ಲ. ಬಣ್ಣವನ್ನು ಆರಿಸಿದವನು ಬಣ್ಣಗಾರ, ತೊಡುವವನು ಮತ್ತೊಬ್ಬ. ಮನುಷ್ಯನನ್ನು ಬರಿಯ ಸಾಧನವನ್ನಾಗಿ ಕಾಣಬಾರದು, ಅವನೇ ಒಂದು ಸಾಧ್ಯವೆಂದು ಕಾಣಬೇಕು ಎಂದು ಜರ್ಮನಿಯ ಕಾಂಟ್ ೧೭೮೫ರಲ್ಲಿ ಬರೆದದ್ದು ಇಂಥ ಕಡೆ ನೆನಪಿಗೆ ಬರಬೇಕು. ಅಳಿಸಲಾಗದ ಬಣ್ಣವನ್ನು ಹಾಕುವುದು ಬಣ್ಣಗಾರನ ಹೆಮ್ಮೆ. ಕಲಿಸುವವನಿಗೆ ಆ ಹೆಮ್ಮೆ ಸಲ್ಲದು. ತಾನು ಹೇಳಿದ್ದನ್ನು ಶಿಷ್ಯ ಒಂದು ದಿನ ತೊಳೆದು ನೋಡಬಹುದು, ಬೇಡವೆನ್ನಲೂಬಹುದು ಎಂದು ಒಪ್ಪಿಯೇ ಅವನು ಕಲಿಸಬೇಕು.

ಇಲ್ಲಿಗೆ ಅಡುಗೆಮನೆಯ ಹೋಲಿಕೆ ತನ್ನ ಎಲ್ಲೆಗೆ ಬಂತು. ಮಿಡಿ ತಾನು ಯಾವ ಜಾಡಿಗೆ ಬೀಳಬೇಕೆಂದು ಆರಿಸಿಕೊಳ್ಳಲಾರದು. ಮೀನಿಗೆ ತಿನ್ನುವವನ ನಾಲಗೆಯ ಹೊರತು ಬೇರೆ ಗತಿಯಿಲ್ಲ. ಮನುಷ್ಯ ಬಾಲ್ಯದಲ್ಲಿ ಮಿಡಿಯಂತೆಯೇ ಇರುತ್ತಾನೆ. ಆದರೆ ಒಂದು ವಯಸ್ಸಿನ ಮೇಲೆ ಅವನು ತನ್ನ ಜಾಡಿಯನ್ನು ತಾನು ಹುಡುಕಿಕೊಳ್ಳಬಲ್ಲ. ಯಾರೊಡನೆ ಸಂಜೆ ಕಳೆಯುತ್ತಾನೆ, ಯಾವ ಪುಸ್ತಕವನ್ನು ಮತ್ತೆ ತೆಗೆಯುತ್ತಾನೆ, ದಿನವೂ ಯಾವ ಮಾತುಗಳು ಕಿವಿಗೆ ಬೀಳುವಂತೆ ಇಟ್ಟುಕೊಂಡಿದ್ದಾನೆ ಎಂಬುದರಲ್ಲಿ ಅವನ ಆಯ್ಕೆಯೂ ಸೇರಿದೆ. ಹಿಂದಿನವರು ಸತ್ಸಂಗವನ್ನು ಅಷ್ಟು ಹೇಳಿದ್ದು ಇದಕ್ಕಾಗಿ. ಈಗ ಅಂಗೈಯಲ್ಲಿ ಹಿಡಿದ ಫೋನಿನಲ್ಲಿ ಹಗಲಿರುಳು ಏನೇನೋ ಹರಿದು ಬರುತ್ತದೆ. 'ನಾನು ಸುಮ್ಮನೆ ನೋಡುತ್ತೇನೆ, ಹಚ್ಚಿಕೊಳ್ಳುವುದಿಲ್ಲ' ಎನ್ನುವವರುಂಟು. ನೋಡಿದ್ದೆಲ್ಲ ಒಳಗೆ ಹೋಗುವುದಿಲ್ಲವೆಂಬುದು ಸರಿ. ಆದರೆ ನಮ್ಮ ಸ್ವಂತ ಭಯದಲ್ಲಿ, ಸ್ವಂತ ಅಸೂಯೆಯಲ್ಲಿ ಕರಗಬಲ್ಲದ್ದು ಅದರಲ್ಲಿದ್ದರೆ, ಅದು ಸದ್ದಿಲ್ಲದೆ ಇಳಿಯುತ್ತದೆ. ಒಳಗೆ ಇಳಿಯುವ ಗುಣ ಒಳ್ಳೆಯದಕ್ಕೆ ಮಾತ್ರ ಮೀಸಲಲ್ಲ. ಆದುದರಿಂದಲೇ ನಮ್ಮೊಳಗಿನ ನೀರು ಎಂಥದು ಎಂದು ನಾವು ತಿಳಿದಿರಬೇಕು.

ಹಾಗಾದರೆ ಸಂಸ್ಕಾರ ಯಾವುದು, ಬರಿಯ ಪಳಗಿಸುವಿಕೆ ಯಾವುದು ಎಂದು ಗುರುತಿಸುವುದು ಹೇಗೆ? ಒಳ್ಳೆಯ ಅಡುಗೆಯವರು ಒಂದು ಪರೀಕ್ಷೆ ಬಲ್ಲರು. ನೆನೆಸಿದ ಮೇಲೆ ಬಂಗುಡೆ ಬಂಗುಡೆಯಾಗಿಯೇ ಇರಬೇಕು, ಅಂಜಲ್ ಅಂಜಲ್ ಆಗಿಯೇ ಇರಬೇಕು. ಕಣ್ಣು ಮುಚ್ಚಿ ತಿಂದರೂ ಯಾವುದು ಯಾವುದೆಂದು ತಿಳಿಯಬೇಕು. ಏನು ತಿಂದರೂ ಒಂದೇ ಮಸಾಲೆಯ ರುಚಿ ಬಂದರೆ ಪದಾರ್ಥ ಸತ್ತಿತು, ಮಸಾಲೆ ಗೆದ್ದಿತು. ಉಪ್ಪಿನ ಹೆಚ್ಚುಗಾರಿಕೆ ಇಲ್ಲಿಯೂ ಕಾಣುತ್ತದೆ. ಹದವಾಗಿ ಇಳಿದ ಉಪ್ಪು ತನ್ನ ರುಚಿಯನ್ನು ತೋರುವುದಿಲ್ಲ. ಮೀನಿನ ರುಚಿಯನ್ನು ತೋರುತ್ತದೆ. 'ಉಪ್ಪು ಚೆನ್ನಾಗಿದೆ' ಎಂದು ಯಾರೂ ಊಟವನ್ನು ಹೊಗಳುವುದಿಲ್ಲ. ಒಂದು ಮನೆಯ ಮಕ್ಕಳೆಲ್ಲ ಒಂದೇ ಧಾಟಿಯಲ್ಲಿ ಮಾತಾಡಿದರೆ, ಒಬ್ಬ ಗುರುವಿನ ಶಿಷ್ಯರೆಲ್ಲ ಅವನಂತೆಯೇ ಕೆಮ್ಮಿದರೆ, ಅಲ್ಲಿ ಮಸಾಲೆ ಬಲವಾಗಿದೆಯೆಂದು ತಿಳಿಯಬೇಕು. ಒಬ್ಬರಂತೆ ಒಬ್ಬರಿಲ್ಲದೆ, ಆದರೂ ಎಲ್ಲರೂ ನಂಬಿಕೆಗೆ ಅರ್ಹರಾಗಿದ್ದರೆ, ಅಲ್ಲಿ ಯಾರೋ ಉಪ್ಪು ಹಚ್ಚಿ, ಕಾದು, ತಾವು ಕಾಣಿಸದೆ ಹೋಗಿದ್ದಾರೆ.

ಹಾಗೆ ಕಾಣಿಸದೆ ಹೋಗುವುದಕ್ಕೆ ನಮ್ಮಲ್ಲಿ ಎಷ್ಟು ಮಂದಿ ಸಿದ್ಧರಿದ್ದೇವೆ? ಮಗ ನಮ್ಮ ಹೆಸರು ಹೇಳಲಿ, ಶಿಷ್ಯ ವೇದಿಕೆಯ ಮೇಲೆ ನಮ್ಮನ್ನು ನೆನೆಯಲಿ ಎಂಬ ಆಸೆ ಸಹಜವಾದದ್ದು. ಅದನ್ನು ನಾನೂ ಬಿಟ್ಟವನಲ್ಲ. ಆದರೆ ನಮ್ಮ ಹಳಗನ್ನಡದ ಮೇಷ್ಟರ ಮುಖ ನನಗೆ ಈಗ ಸ್ಪಷ್ಟವಾಗಿ ನೆನಪಿಲ್ಲ. ತರಗತಿಯಲ್ಲಿ ತಿಳಿಯದ ಪ್ರಶ್ನೆ ಬಂದಾಗ 'ಗೊತ್ತಿಲ್ಲ, ನಾಳೆ ಹೇಳುತ್ತೇನೆ' ಎಂಬ ಮಾತು ನನ್ನ ಬಾಯಿಂದ ನನ್ನದೇ ಎಂಬಂತೆ ಬರುತ್ತದೆ.